ಕತ್ತಲೆಕಾನಿನಲ್ಲಿ ಕೇಳಲು ಕಲಿತದ್ದು

ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದ ಕಿರುಸಂಶೋಧನೆಗೆ ನಾವು ನಾಲ್ವರು ಆರಿಸಿಕೊಂಡದ್ದು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯನ್ನು, ಅಂದರೆ ಕಾಡುಜಾಯಿಕಾಯಿ ಜಾತಿಯ ಮರಗಳು ಬೆಳೆದ ಸಿಹಿನೀರಿನ ಜೌಗು ಕಾಡನ್ನು. ಮಳೆಗಾಲದಲ್ಲಿ ಅಲ್ಲಿ ಯಾವ ಜೀವಿ ಯಾವ ಹೊತ್ತಿನಲ್ಲಿ ಕೂಗುತ್ತದೆಂಬುದನ್ನು ಮರಗಳಿಗೆ ಕಟ್ಟಿದ ಧ್ವನಿಮುದ್ರಣ ಯಂತ್ರಗಳಿಂದ ತಿಳಿಯಬೇಕಿತ್ತು. ಅರಣ್ಯ ಇಲಾಖೆಯ ಅನುಮತಿ ಸಿಕ್ಕೊಡನೆ ಯಂತ್ರಗಳನ್ನು ಹೊತ್ತು ಹೊರಟ ನಮ್ಮನ್ನು ಮಾರ್ಗದರ್ಶಕರಾದ ಮೇಡಂ ತಡೆದರು. ಮೊದಲ ಐದು ಸಂಜೆ ನಮ್ಮ ಕೈಯಲ್ಲಿದ್ದದ್ದು ಪೆನ್ಸಿಲು, ನೋಟ್‌ಬುಕ್ಕು ಮತ್ತು ಗಡಿಯಾರ ಮಾತ್ರ. ಉಂಬಳಗಳು ಕಾಲಿಗೆ ಹತ್ತುತ್ತಿದ್ದರೂ ಹಳ್ಳದ ದಂಡೆಯಲ್ಲಿ ದೂರ ದೂರ ಕುಳಿತು, ಹತ್ತು ನಿಮಿಷ ಕೇಳಿದ್ದನ್ನೆಲ್ಲ ಬರೆದು, ಆಮೇಲೆ ಹೋಲಿಸಿದರೆ ನಾಲ್ಕು ಪಟ್ಟಿಗಳು ಎಂದೂ ತಾಳೆಯಾಗುತ್ತಿರಲಿಲ್ಲ. ಆ ವ್ಯತ್ಯಾಸವನ್ನು ಅಳಿಸಲು ಅವರು ಬಿಡದೆ, ಪ್ರಬಂಧದಲ್ಲೇ ಬರೆಸಿದರು.

ಆ ಜಡ್ಡಿಯ ಮೇಲೆ ನಮಗೆ ಮನಸ್ಸಾದದ್ದು ಕುಂಬಾರ ಕಪ್ಪೆಯಿಂದ. 2014ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ ಈ ಇರುಳುಗಪ್ಪೆಯ ಗಂಡು, ಮೊಟ್ಟೆಗಳ ಮೇಲೆ ಮುಂಗಾಲುಗಳಿಂದ ಹಸಿಮಣ್ಣು ಮೆತ್ತುತ್ತದೆ. ಹೆಸರು ಬಂದದ್ದೂ ಅದರಿಂದಲೇ. ಅಂಥ ಜೀವಿಯನ್ನು ದೀಪ ಹಿಡಿದು ರಾತ್ರಿಯೆಲ್ಲ ಹುಡುಕಿದರೆ ನಮ್ಮ ತುಳಿತಕ್ಕೇ ದಂಡೆ ಹಾಳಾದೀತು. ಕೂಗನ್ನು ಮುದ್ರಿಸಿಕೊಂಡರೆ ಆ ಕೇಡಿಲ್ಲ. ಆದರೆ ನೂರು ಕೂಗು ಸಿಕ್ಕರೆ ನೂರು ಕಪ್ಪೆಗಳಿವೆ ಎಂದಲ್ಲವೆಂದು ಮೇಡಂ ಮತ್ತೆ ಮತ್ತೆ ಎಚ್ಚರಿಸುತ್ತಿದ್ದರು.

ಸೆಕೆಂಡಿಗೆ 48,000 ಮಾದರಿಗಳಂತೆ 16 ಬಿಟ್‌ನಲ್ಲಿ ಎಡೆಬಿಡದೆ ಮುದ್ರಿಸಿದರೆ ಒಂದೇ ಯಂತ್ರ ದಿನಕ್ಕೆ 8 ಜಿಬಿಗೂ ಹೆಚ್ಚು ತುಂಬುತ್ತದೆ. ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಒಂದು ನಿಮಿಷ ಮಾತ್ರ ಮುದ್ರಿಸಿದೆವು. ಮೊದಲ ಮೆಮೊರಿ ಕಾರ್ಡನ್ನು ತೆರೆದವನು ನಾನು. ಹಕ್ಕಿಗಳ ಬೆಳಗಿನ ಮೇಳ ರಾತ್ರಿ ಹನ್ನೆರಡೂವರೆಗೇ ತುಂಬಿ ಬಂದಿರುವುದನ್ನು ಕಂಡು, ಅಪೂರ್ವ ಸಂಗತಿ ಸಿಕ್ಕಿತೆಂದು ಎರಡು ದಿನ ಟಿಪ್ಪಣಿ ಬರೆದೆ. ಯಂತ್ರ ನಮೂದಿಸಿದ್ದು ಗ್ರೀನಿಚ್ ಸಮಯ. ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕಿತ್ತು. ಮೇಡಂ ಗದರಲಿಲ್ಲ. ಅಂದಿನಿಂದ ಯಂತ್ರವನ್ನು ಚಾಲೂ ಮಾಡಿದವರು ಕೈಗಡಿಯಾರ ನೋಡಿ, ದಿನಾಂಕ, ಸಮಯ, ಮರದ ಸಂಖ್ಯೆಗಳನ್ನು ಗಟ್ಟಿಯಾಗಿ ಹೇಳಿ ಒಮ್ಮೆ ಚಪ್ಪಾಳೆ ತಟ್ಟಬೇಕೆಂಬ ನಿಯಮ ಬಂತು.

ಇನ್ನೊಮ್ಮೆ ಕಂಪ್ಯೂಟರು ಒಂದು ಕೂಗನ್ನು ಗಿಡುಗನದೆಂದು ಗುರುತಿಸಿತು. ದನಿಯನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮಿನಲ್ಲಿ ಗೆರೆಗಳೂ ಹೊಂದಿದವು. ಆ ನಿಮಿಷವನ್ನು ಪೂರ್ತಿ ಕೇಳಿರೆಂದು ಮೇಡಂ ಹೇಳಿದರು. ಗಿಡುಗನ ಕೂಗಿನ ಬೆನ್ನಿಗೇ, ಅದೇ ಕಡೆಯಿಂದ, ಬೇರೆ ಎರಡು ಹಕ್ಕಿಗಳ ದನಿ, ಆಮೇಲೆ ಭೀಮರಾಜನ ಸ್ವಂತ ದನಿ! ಅನುಕರಣೆಯಲ್ಲಿ ಪಳಗಿದ ಆ ಹಕ್ಕಿಯ ಒಂದು ತುಣುಕನ್ನಷ್ಟೇ ನಾವು ಕತ್ತರಿಸಿ ನೋಡಿದ್ದೆವು.

ಅವರು ನಮ್ಮೊಡನೆ ಹೆಚ್ಚು ಹೊತ್ತು ವಾದಿಸಿದ್ದು ಮಾತ್ರ ಖಾಲಿ ಉಳಿದ ಸಾಲುಗಳ ಬಗ್ಗೆ. ಎಲೆಗಳ ಮೇಲೆ ಮಳೆ ಹೊಡೆಯುವಾಗ, ಜೀರುಂಡೆಗಳು ಒಟ್ಟಾಗಿ ಕಿರುಗುಟ್ಟುವಾಗ, ಹತ್ತಿರವೇ ಕೂಗಿದ ಕಪ್ಪೆಯೂ ಯಂತ್ರದ ಕಿವಿಗೆ ಬೀಳುವುದಿಲ್ಲ. ನಾವು ‘ಇಲ್ಲ’ ಎಂದು ಬರೆದಲ್ಲೆಲ್ಲ ಅವರು ಕೆಂಪು ಶಾಯಿಯಿಂದ ‘ಕೇಳಿಸಲಿಲ್ಲ’ ಎಂದು ತಿದ್ದಿದರು. ಇಂದು ಬೇರೆ ಕಾಡುಗಳ ವರದಿಗಳನ್ನು ಓದುವಾಗಲೂ ನನ್ನ ಕಣ್ಣು ಮೊದಲು ಹುಡುಕುವುದು ಆ ಒಂದು ಪದವನ್ನೇ.

ಏಳನೇ ಮರದ ಮುದ್ರಣದಲ್ಲಿ ಒಮ್ಮೆ, ಸೊಪ್ಪಿಗೆ ಬಂದಿದ್ದ ಇಬ್ಬರು ಹೆಂಗಸರು ಮನೆಯ ಕಷ್ಟ ಹೇಳಿಕೊಳ್ಳುವುದು ಕೇಳಿಸಿತು. ಮೇಡಂ ತಕ್ಷಣ ಹೆಡ್‌ಫೋನ್ ತೆಗೆದಿಟ್ಟು, ಆ ಕಡತವನ್ನು ಅಳಿಸಿ, ಮುಂದಿನ ಭಾನುವಾರ ನಮ್ಮನ್ನು ಅವರ ಕೇರಿಗೇ ಕರೆದೊಯ್ದು ನಡೆದದ್ದನ್ನು ತಿಳಿಸಿದರು. ಹಿರಿಯಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ದಾರಿ ಬಿಟ್ಟು ಒಳಗೆ ಕಟ್ಟಿ ತಂಗಿ, ನಾವು ಅಲ್ಲೇ ಓಡಾಡೋರು” ಎಂದರು. ಅದೇ ಸಂಜೆ ಯಂತ್ರವನ್ನು ಬಿಚ್ಚಿ ಹಳ್ಳದ ಮೇಲ್ದಂಡೆಗೆ ಒಯ್ದೆವು. ಪ್ರಬಂಧದ ಕೋಷ್ಟಕದಲ್ಲಿ ಏಳನೇ ಮರದ ಎದುರು, ‘ಊರವರ ಕೋರಿಕೆಯಂತೆ ಜಾಗ ಬದಲಿಸಲಾಗಿದೆ’ ಎಂಬ ಸಾಲು ಮೇಡಂ ಅವರ ಕೈಬರಹದಲ್ಲೇ ಇದೆ.