ಬಾಲ್ ಮಿಲ್ ದಿನಚರಿ: ಕಲ್ಲಿಲ್ಲದಿದ್ದರೂ ಕರೆಂಟು ಅಷ್ಟೇ

ನನ್ನ ಬಾಲ್ ಮಿಲ್ಲು, ಅಂದರೆ ತಿರುಗುವ ಡ್ರಮ್ಮಿನೊಳಗೆ ಗುಂಡುಗಳು ಎದ್ದು ಬಿದ್ದು ಕಲ್ಲನ್ನು ಹುಡಿ ಮಾಡುವ ಯಂತ್ರ, ತಿರುಗತೊಡಗಿ ತಿಂಗಳಾಯಿತು, ಮೋಟರಿಗೆ ವಿದ್ಯುತ್ ಮೀಟರ್ ಕಟ್ಟಿದ್ದು ಈ ವಾರ. ಡ್ರಮ್ಮಿನ ಒಳವ್ಯಾಸ 200 ಮಿ.ಮೀ., ಉದ್ದ 250. ಒಳಗೆ 20 ಮಿ.ಮೀ.ನ ಉಕ್ಕಿನ ಗುಂಡುಗಳು, ಸುಮಾರು 13 ಕಿಲೋ.

ವೇಗದ ಲೆಕ್ಕ ಮೊದಲೇ ಮುಗಿಸಿದ್ದೆ. ಡ್ರಮ್ಮಿನ ವ್ಯಾಸದಲ್ಲಿ ಗುಂಡಿನ ವ್ಯಾಸ ಕಳೆದು (ಎರಡೂ ಮೀಟರುಗಳಲ್ಲಿ), ಅದರ ವರ್ಗಮೂಲದಿಂದ 42.3ನ್ನು ಭಾಗಿಸಿದರೆ, ಗುಂಡುಗಳು ಬೀಳದೆ ಗೋಡೆಗಂಟಿ ಸುತ್ತುವ ವೇಗ ಸಿಗುತ್ತದೆ. ನನ್ನದಕ್ಕೆ ನಿಮಿಷಕ್ಕೆ 100 ಸುತ್ತು. ಗುಂಡುಗಳು ಬಿದ್ದರೇ ಅರೆತ, ಹಾಗಾಗಿ ಪುಲ್ಲಿ ಬದಲಿಸಿ 70ಕ್ಕೆ ಇಳಿಸಿದೆ.

ಈಗ ಮೀಟರ್ ಹೇಳಿದ್ದು. ಖಾಲಿ ಡ್ರಮ್ 46 ವ್ಯಾಟ್. ಗುಂಡು ತುಂಬಿದಾಗ 91. ಒಂದೂವರೆ ಕಿಲೋ ಸುಣ್ಣಕಲ್ಲಿನ ನುಚ್ಚು ಹಾಕಿದಾಗ 94. ಅಷ್ಟೇ! ಕಲ್ಲು ಇರಲಿ ಬಿಡಲಿ, ಮಿಲ್ಲು ಎಳೆಯುವ ಕರೆಂಟಿನಲ್ಲಿ ಮೂರು ವ್ಯಾಟಿನ ವ್ಯತ್ಯಾಸ. ಅದು ದುಡಿಯುವುದು ಗುಂಡುಗಳನ್ನು ಎತ್ತಿ ಎತ್ತಿ ಹಾಕಲಿಕ್ಕೆ. ಆ ಗುಂಡು ಕಲ್ಲಿನ ಮೇಲೆ ಬಿತ್ತೋ ಇನ್ನೊಂದು ಗುಂಡಿನ ಮೇಲೆ ಬಿತ್ತೋ ಮೋಟರಿಗೆ ಗೊತ್ತಾಗುವುದಿಲ್ಲ. ಕಿವಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಕಲ್ಲಿಲ್ಲದಾಗ ಕಟಕಟ ಎಂದು ಚುಚ್ಚುವ ಸದ್ದು, ಹದವಾಗಿ ತುಂಬಿದಾಗ ದಪ್ಪನೆಯ ಗೊರಗೊರ. ಸಿಮೆಂಟ್ ಕಾರ್ಖಾನೆಗಳಲ್ಲಿ ಮಿಲ್ಲಿನ ಪಕ್ಕ ಮೈಕ್ ಇಟ್ಟು ಒಳಗಿನ ತುಂಬುವಿಕೆ ಅಳೆಯುವುದು ಇದೇ ಕಾರಣಕ್ಕೆ.

ಅರ್ಧ ಗಂಟೆ ಓಡಿಸಿದೆ. ನುಚ್ಚಿನ ಶೇ 80 ಭಾಗ ಮೊದಲು 1,000 ಮೈಕ್ರಾನ್ ಜರಡಿಯಲ್ಲಿ ಇಳಿಯುತ್ತಿತ್ತು, ಈಗ 106ರಲ್ಲಿ ಇಳಿಯಿತು. ಖರ್ಚು 47 ವ್ಯಾಟ್-ಅವರ್, ಅಂದರೆ ಟನ್ನಿಗೆ 31 ಯೂನಿಟ್. ಖಾಲಿ ಡ್ರಮ್ಮಿನ ಪಾಲು ಕಳೆದರೆ 16. ಅರೆತಕ್ಕೆ ಟನ್ನಿಗೆ ಎಷ್ಟು ಯೂನಿಟ್ ಬೇಕೆಂದು ಅಂದಾಜಿಸಲು ಫ್ರೆಡ್ ಬಾಂಡ್ 1952ರಲ್ಲಿ ಕೊಟ್ಟ ಸೂತ್ರಕ್ಕೆ ಸುಣ್ಣಕಲ್ಲಿನ ಸೂಚ್ಯಂಕ (ಅರೆಯಲು ಅದೆಷ್ಟು ಗಟ್ಟಿ ಎನ್ನುವ ಅಂಕಿ) 12 ಎಂದು ಹಾಕಿದರೆ 7.9 ಬರುತ್ತದೆ, ಒಣ ಅರೆತಕ್ಕೆ 1.3ರಿಂದ ಗುಣಿಸಿದರೆ 10ರ ಆಸುಪಾಸು. ಅವರ ಲೆಕ್ಕ 2.44 ಮೀಟರ್ ವ್ಯಾಸದ ಮಿಲ್ಲಿನದು. ಇಷ್ಟು ಪುಟ್ಟ ಡ್ರಮ್ಮಿನಲ್ಲಿ, ಮೋಟರಿನ ನಷ್ಟವನ್ನೂ ಸೇರಿಸಿ 16 ಬಂದದ್ದಕ್ಕೆ ನಿಜಕ್ಕೂ ಖುಷಿಯಾಯಿತು.

ಆದರೆ ನಿದ್ದೆ ಕೆಡಿಸಿದ್ದು ಬೇರೆ. ಕೊನೆಯ ಹತ್ತು ನಿಮಿಷದ ಹೊತ್ತಿಗೆ ಮುಚ್ಚಳ ತೆಗೆದರೆ ಗುಂಡುಗಳಿಗೆಲ್ಲ ಬಿಳಿ ಹುಡಿ ಮೆತ್ತಿಕೊಂಡಿತ್ತು, ಉಗುರಿನಿಂದ ಕೆರೆದರೆ ಪದರವಾಗಿ ಏಳುವಷ್ಟು. ನುಣ್ಣಗಾದದ್ದೇ ಹಾಸಿಗೆಯಂತಾಗಿ, ಬೀಳುವ ಗುಂಡಿನ ಪೆಟ್ಟನ್ನು ನುಂಗುತ್ತಿದೆ. ಅರೆದದ್ದನ್ನೇ ಮತ್ತೆ ಅರೆಯುತ್ತಿದ್ದೇನೆ.

ಹಾಗಾಗಿ ಮಾರನೆಯ ದಿನ ಹತ್ತು ಹತ್ತು ನಿಮಿಷಕ್ಕೆ ನಿಲ್ಲಿಸಿ, 106ರಲ್ಲಿ ಜರಡಿ ಹಿಡಿದು, ಇಳಿದಷ್ಟನ್ನು ಎತ್ತಿಟ್ಟು, ಅದೇ ತೂಕದ ಹೊಸ ನುಚ್ಚು ಸೇರಿಸಿದೆ. (ಹುಡಿ ಏಳುತ್ತದೆ, ಮಾಸ್ಕ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.) ಮೊದಲ ಸಲ ಒಂದೇ ಓಟದಲ್ಲಿ ಸಿಕ್ಕ ಹುಡಿ 1.2 ಕಿಲೋ. ಈ ಸಲ ಅದೇ ಅರ್ಧ ಗಂಟೆಯ ಓಟಕ್ಕೆ, ಅದೇ ಕರೆಂಟಿಗೆ, 1.75 ಕಿಲೋ. ಹುಡಿ ಸರಾಸರಿಯಲ್ಲಿ ತುಸು ದಪ್ಪ ಇರುವುದು ನಿಜ, ಆದರೆ ನನಗೆ ಬೇಕಿದ್ದದ್ದೇ ಅದು. ದೊಡ್ಡ ಮಿಲ್ಲುಗಳಲ್ಲಿ ಸೆಪರೇಟರ್ (ನುಣ್ಣಗಾದದ್ದನ್ನು ಬೇರ್ಪಡಿಸುವ ಯಂತ್ರ) ಬಿಡುವಿಲ್ಲದೆ ಮಾಡುವ ಕೆಲಸ ಇದೇ. ನನ್ನಲ್ಲಿ ಅದಕ್ಕೆ ಎರಡು ಕೈ, ಒಂದು ಜರಡಿ.

ಮುಂದಿನ ವಾರ ಗುಂಡು ಹೆಚ್ಚಿಸಿ ನೋಡುತ್ತೇನೆ. ಡ್ರಮ್ಮಿನ ಅರ್ಧದ ಹತ್ತಿರ ಬಂದ ಮೇಲೆ ಗುಂಡುಗಳ ತೂಕ ನಡು ಅಚ್ಚಿನ ಕಡೆ ಸರಿದು ಮೋಟರಿನ ಎಳೆತ ಇಳಿಯತೊಡಗಬೇಕು. ಆ ತಿರುವನ್ನು ಮೀಟರಿನಲ್ಲಿ ಕಣ್ಣಾರೆ ನೋಡಬೇಕೆಂದು ಇನ್ನೂ 7 ಕಿಲೋ ಗುಂಡು ತೊಳೆದು ಒಣಗಿಸಿಟ್ಟಿದ್ದೇನೆ.