ಆಕ್ಸಲ್ ಒಳಗಿನ ನೀರು, ಶಾಫ್ಟಿನ ಸದ್ದು: ಟ್ರಕ್ಕಿನ ಕೆಳಗಿನ ಕೆಲಸ

ನನ್ನ ಟ್ರಕ್ ಹಳೇ ಮಾದರಿಯದು. ಲ್ಯಾಡರ್ ಚಾಸಿ, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಕೈಯಲ್ಲಿ ಎಳೆಯುವ ಟ್ರಾನ್ಸ್‌ಫರ್ ಕೇಸ್ (ಬಲವನ್ನು ಹಿಂದಿನ ಮುಂದಿನ ಆಕ್ಸಲ್‌ಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಲಿವರ್, ಮುಂದಿನ ಚಕ್ರಗಳಲ್ಲಿ ಕೈಯಿಂದ ತಿರುಗಿಸಿ ಲಾಕ್ ಮಾಡುವ ಹಬ್. ಆಫ್‌ರೋಡ್ ಹುಚ್ಚಿನವರು ಯಾರಾದರೂ ಸಿಕ್ಕರೆ ಮೊದಲು ಕೇಳುವುದು ಲಾಕರ್ ಹಾಕಿಸಿದ್ದೀಯಾ, ಎಷ್ಟು ಇಂಚು ಲಿಫ್ಟ್, ಟೈರ್ ಎಷ್ಟು ದೊಡ್ಡದು ಅಂತ. ಬ್ರೀದರ್ ಪೈಪ್, ಅಂದರೆ ಆಕ್ಸಲ್ ಒಳಗಿನ ಗಾಳಿ ಹೋಗಿಬರುವ ಪೈಪ್, ಎಲ್ಲಿಗೆ ಎತ್ತಿ ಕಟ್ಟಿದ್ದೀಯಾ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು.

ಒಂದಿಷ್ಟು ಹೊತ್ತು ಓಡಿದ ಆಕ್ಸಲ್ ಹೌಸಿಂಗ್ ಚೆನ್ನಾಗಿ ಬಿಸಿಯಾಗಿರುತ್ತದೆ. ಒಳಗಿನ ಗಾಳಿ ಹಿಗ್ಗಿ ಬ್ರೀದರ್ ಮೂಲಕ ಹೊರಗೆ ಹೋಗಿರುತ್ತದೆ. ಅದೇ ಬಿಸಿಯಲ್ಲಿ ಹಳ್ಳಕ್ಕೆ ಇಳಿಸಿದಿರಿ ಅನ್ನಿ. ತಣ್ಣೀರು ತಾಗಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಹೌಸಿಂಗ್ ಹೊರಗಿನಿಂದ ಗಾಳಿ ಎಳೆದುಕೊಳ್ಳಲು ನೋಡುತ್ತದೆ. ಬ್ರೀದರಿನ ಬಾಯಿ ನೀರಿನಡಿ ಇದ್ದರೆ ಗಾಳಿ ಬದಲು ನೀರೇ ಒಳಗೆ ಹೋಗುತ್ತದೆ. ಕೆಸರು ಕಟ್ಟಿ ಮುಚ್ಚಿದ್ದರೆ ಸೀಲಿನ ಅಂಚಿನಿಂದ ಎಳೆಯುತ್ತದೆ. ಆಯಿಲ್ ಸೀಲಿನ ಮುಖ್ಯ ತುಟಿ ಇರುವುದು ಒಳಗಿನ ಆಯಿಲನ್ನು ಒಳಗೇ ಹಿಡಿಯಲು. ಹೊರಗಿನಿಂದ ಎಳೆದುಕೊಂಡು ಬರುವ ನೀರಿನ ಮುಂದೆ ಅದರ ಆಟ ನಡೆಯುವುದು ಅಷ್ಟಕ್ಕಷ್ಟೇ.

ಮುಚ್ಚಿದ ಬ್ರೀದರಿಂದ ಉಲ್ಟಾ ಕಾಟವೂ ಇದೆ. ನೀರೇ ಇಲ್ಲದ ದಾರಿಯಲ್ಲಿ ಒಳಗೆ ಒತ್ತಡ ಕಟ್ಟಿಕೊಂಡು ಆಯಿಲ್ ಸೀಲ್ ದಾಟಿ ಬ್ರೇಕಿಗೆ ಬರುತ್ತದೆ. ಹೊಸ ಸೀಲ್ ಹಾಕಿದ ಮೇಲೂ ಮತ್ತೆ ಸೋರುತ್ತಿದೆ ಅಂತ ಯಾರಾದರೂ ಹೇಳಿದರೆ, ಬ್ರೀದರ್ ನೋಡಿದ್ರಾ ಅಂತಲೇ ನಾನು ಕೇಳುವುದು.

ಎರಡು ಆಕ್ಸಲ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ನಾಲ್ಕರ ಪೈಪುಗಳನ್ನೂ ನಾನು ಬಾನೆಟ್ ಒಳಗೆ ಎತ್ತರಕ್ಕೆ ತಂದು ಕಟ್ಟಿದ್ದೇನೆ. ತುದಿಗೆ ಸಣ್ಣ ಫಿಲ್ಟರ್. ಆಕ್ಸಲ್ ಪೂರ್ತಿ ಕೆಳಗೆ ಜೋತಾಡುವಾಗ ಪೈಪ್ ಬಿಗಿಯಾಗಿ ಕಿತ್ತುಬರಬಾರದು, ಆದ್ದರಿಂದ ಸ್ವಲ್ಪ ಸಡಿಲ ಬಿಡಬೇಕು. ಸಡಿಲ ಅಂದರೆ ಪ್ರೊಪೆಲ್ಲರ್ ಶಾಫ್ಟಿಗೋ (ಟ್ರಾನ್ಸ್‌ಫರ್ ಕೇಸಿನಿಂದ ಆಕ್ಸಲಿಗೆ ಬಲ ಒಯ್ಯುವ ಉದ್ದ ದಂಡ) ಸೈಲೆನ್ಸರಿಗೋ ತಾಗುವಷ್ಟಲ್ಲ. ಪೈಪ್ ಬಿಚ್ಚಿ ಒಂದು ಕಡೆಯಿಂದ ಊದಿ ನೋಡಿದರೆ ಕಟ್ಟಿದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಡ್ರೈವ್‌ಟ್ರೇನಿಗೆ ಮಾಡಬಹುದಾದ ಕೆಲಸಗಳಲ್ಲಿ ಇಷ್ಟು ಸುಲಭದ್ದು, ಇಷ್ಟು ಲಾಭದ್ದು ಇನ್ನೊಂದಿಲ್ಲ.

ನೀರು ಹೊಕ್ಕಿದೆಯಾ ಅಂತ ತಿಳಿಯಲು ಟ್ರಕ್ಕನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಗ್ಗೆ ಅಲುಗಿಸುವ ಮೊದಲೇ ಡ್ರೈನ್ ಪ್ಲಗ್ ಸ್ವಲ್ಪ ಮಾತ್ರ ಸಡಿಲಿಸಿ ನೋಡುತ್ತೇನೆ. ನೀರು ಆಯಿಲಿಗಿಂತ ಭಾರ, ತಳಕ್ಕೆ ಇಳಿದಿರುತ್ತದೆ. ಮೊದಲು ನೀರಿನ ಹನಿ, ಆಮೇಲೆ ಆಯಿಲ್. ಓಡಾಡಿ ಕಲಸಿಹೋಗಿದ್ದರೆ ಮಾತ್ರ ಬೇರೆಯಾಗಿ ಬರುವುದಿಲ್ಲ, ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿ ಬರುತ್ತದೆ. ಆ ಆಯಿಲ್ ಹಲ್ಲುಗಳ ನಡುವೆ ಪದರವಾಗಿ ನಿಲ್ಲುವುದಿಲ್ಲ. ಬೇರಿಂಗ್ ರೋಲರ್ ಮೇಲೆ ತುಕ್ಕಿನ ಚುಕ್ಕೆ ಶುರುವಾಗುತ್ತದೆ. ಚುಕ್ಕೆ ಗುಳಿಯಾಗುತ್ತದೆ, ಗುಳಿ ಗುಂಯ್‌ಗುಡುತ್ತದೆ. ಅಷ್ಟು ಹೊತ್ತಿಗೆ ನೀರು ದಾಟಿದ ದಿನ ಯಾರಿಗೂ ನೆನಪಿರುವುದಿಲ್ಲ. 'ಬೇರಿಂಗ್ ಕ್ವಾಲಿಟಿ ಸರಿ ಇಲ್ಲ' ಅಂತ ಬೈದುಕೊಂಡು ಹೊಸದು ಹಾಕುತ್ತೇವೆ, ಅಲ್ವಾ?

ಆಯಿಲ್ ಬದಲಾಯಿಸುವಾಗ ಮೊದಲು ಬಿಚ್ಚಬೇಕಾದ್ದು ಮೇಲಿನ ಫಿಲ್ಲರ್ ಪ್ಲಗ್. ಅದು ತುಕ್ಕು ಹಿಡಿದು ಕೂತಿದ್ದರೆ, ಕೆಳಗಿನಿಂದ ಆಯಿಲ್ ಪೂರ್ತಿ ಇಳಿಸಿದ ಮೇಲೆ ಮತ್ತೆ ತುಂಬಲು ದಾರಿಯೇ ಇರುವುದಿಲ್ಲ. ಪ್ಲಗ್ಗಿನ ಆಯಸ್ಕಾಂತಕ್ಕೆ ಅಂಟಿದ್ದನ್ನು ಒರೆಸಿ ಬಿಸಾಡಬೇಡಿ. ಎರಡು ಬೆರಳ ನಡುವೆ ತಿಕ್ಕಿ ನೋಡಿ. ಕಪ್ಪಗೆ, ನುಣ್ಣಗೆ ಇರುವ ಲೇಪ ಮಾಮೂಲಿ ಸವೆತ. ಚರಚರ ಅಂದರೆ ಅನುಮಾನ. ಚೂಪು ಅಂಚಿನ ಚೂರು, ಹಲ್ಲಿನ ತುಣುಕು ಸಿಕ್ಕರೆ ಹೊಸ ಆಯಿಲ್ ಡಬ್ಬ ಪಕ್ಕಕ್ಕಿಟ್ಟು ಕವರ್ ಬಿಚ್ಚುವುದೇ ಸರಿ.

ಯಾವ ಆಯಿಲ್ ಅನ್ನುವ ಚರ್ಚೆ ಮುಗಿಯುವುದೇ ಇಲ್ಲ. ಹೈಪಾಯ್ಡ್ ಗೇರಿನ ಆಕ್ಸಲ್‌ಗಳು ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಗೇರ್ ಆಯಿಲ್ ಕೇಳುತ್ತವೆ. ಅಲ್ಲಿ ಪಿನಿಯನ್ (ಶಾಫ್ಟ್ ತಿರುಗಿಸುವ ಚಿಕ್ಕ ಗೇರ್) ಹಲ್ಲು ಕ್ರೌನ್ ವೀಲ್ (ಅದು ತಿರುಗಿಸುವ ದೊಡ್ಡ ಗೇರ್) ಹಲ್ಲಿನ ಮೇಲೆ ಉರುಳುವುದರ ಜೊತೆಗೆ ಜಾರುತ್ತದೆ, ಒತ್ತಡ ಜಾಸ್ತಿ. ಆದರೆ ಹಳೇ ಮ್ಯಾನುಯಲ್ ಗೇರ್ ಬಾಕ್ಸಿನ ಹಿತ್ತಾಳೆ ಸಿಂಕ್ರೊ ರಿಂಗುಗಳಿಗೆ ಬಹಳಷ್ಟು ಕಡೆ ಜಿಎಲ್-4 ಅಂತಲೇ ಬರೆದಿರುತ್ತದೆ. ಚೈನ್ ಇರುವ ಎಷ್ಟೋ ಟ್ರಾನ್ಸ್‌ಫರ್ ಕೇಸುಗಳಿಗೆ ಆಟೊಮ್ಯಾಟಿಕ್ ಗೇರ್ ಬಾಕ್ಸಿನ ತೆಳು ಆಯಿಲ್ ಬೇಕು. ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಆದರೆ ಫ್ರಿಕ್ಷನ್ ಮಾಡಿಫೈಯರ್ ಸೇರಿಸಬೇಕು, ಇಲ್ಲದಿದ್ದರೆ ನಿಧಾನ ತಿರುವಿನಲ್ಲಿ ಕಟಕಟ ಅಂತ ಹಿಡಿದು ಬಿಡುತ್ತದೆ. ಇಡೀ ಟ್ರಕ್ಕಿಗೆ ಒಂದೇ ಡಬ್ಬದ ಆಯಿಲ್ ಸುರಿಯುವವರನ್ನು ಕಂಡರೆ ನನಗೆ ಸಂಕಟ. ಮ್ಯಾನುಯಲ್‌ನಲ್ಲಿ ಇದೆಲ್ಲ ಒಂದು ಪುಟದಲ್ಲಿ ಮುಗಿದಿರುತ್ತದೆ.

ಇನ್ನು ಸದ್ದು. ಸ್ಪ್ಯಾನರ್ ಹಿಡಿಯುವ ಮೊದಲು, ಸದ್ದು ಯಾವಾಗ ಬರುತ್ತದೆ ಅಂತ ಓಡಿಸಿ ತಿಳಿದುಕೊಳ್ಳಬೇಕು. ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಬಂದರೆ ಕ್ರೌನ್-ಪಿನಿಯನ್ ಅಥವಾ ಪಿನಿಯನ್ ಬೇರಿಂಗ್ ಕಡೆ ನೋಡಿ. ಒತ್ತಲಿ ಬಿಡಲಿ ಒಂದೇ ಸಮನೆ ಗುಂಯ್ ಅಂದು, ಎಡಕ್ಕೋ ಬಲಕ್ಕೋ ಹೊರಳಿಸಿದಾಗ ಮಾತ್ರ ಬದಲಾದರೆ ಚಕ್ರದ ಬೇರಿಂಗ್. ಹೊರಡುವಾಗ, ರಿವರ್ಸಿಗೆ ಹಾಕಿದಾಗ 'ಠಕ್' ಅಂದರೆ ಎಲ್ಲೋ ಪ್ಲೇ (ಸಡಿಲ) ಇದೆ. ನಿಧಾನಕ್ಕೆ ಹೋಗುವಾಗ ಹಕ್ಕಿಮರಿಯಂತೆ ಚಿಂವ್‌ಚಿಂವ್ ಅಂತ, ವೇಗದ ಜೊತೆ ಚುರುಕಾಗುವ ಸದ್ದು ಬಂದರೆ ಶಾಫ್ಟ್ ಓರೆಯಾಗಿಯೂ ತಿರುಗಲು ಬಿಡುವ ಯೂನಿವರ್ಸಲ್ ಜಾಯಿಂಟಿನ ಕ್ರಾಸ್ (ನಡುವಿನ ಕೂಡುಗುರುತಿನ ಆಕಾರದ ಭಾಗ) ಒಣಗಿದೆ. ನಡುಕದಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ. ಆಕ್ಸಲ್ ರೇಶಿಯೊ 4.1 ಇದ್ದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ನಾಲ್ಕು ಸುತ್ತು ದಾಟಿರುತ್ತದೆ. ಹಾಗಾಗಿ ಟೈರಿನ ನಡುಕ ದಪ್ಪ, ನಿಧಾನ. ಶಾಫ್ಟಿನದು ಸಣ್ಣ, ಬಿರುಸು, ಸೀಟಿನ ಅಡಿಯಿಂದ ಬರುತ್ತದೆ.

ಕ್ರಾಸ್ ಬದಲಾಯಿಸುವುದು ನನಗೆ ಇಷ್ಟದ ಕೆಲಸ. ಸುಲಭ ಅಂತಲ್ಲ, ಕೈಗೆ ಬುದ್ಧಿ ಬೇಕಾದ ಕೆಲಸ. ಶುರು ಮಾಡುವ ಮೊದಲು ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಕೆಲವು ಟ್ರಕ್ಕುಗಳಲ್ಲಿ ಹ್ಯಾಂಡ್ ಬ್ರೇಕ್ ಇರುವುದು ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಚಕ್ರದಲ್ಲಲ್ಲ. ಹಿಂದಿನ ಶಾಫ್ಟ್ ಬಿಚ್ಚಿದ ಕ್ಷಣಕ್ಕೆ ಆ ಹ್ಯಾಂಡ್ ಬ್ರೇಕಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಗೇರಿನಲ್ಲಿ ನಿಲ್ಲಿಸಿದ್ದೇನೆ ಅನ್ನುವ ಧೈರ್ಯವೂ ಅಷ್ಟೇ, ಅದೂ ಹಿಡಿಯುವುದು ಅದೇ ಶಾಫ್ಟಿನ ಮೂಲಕವೇ. ನೀವು ಮಲಗಿರುವುದು ಅದೇ ಟ್ರಕ್ಕಿನ ಕೆಳಗೆ.

ಗೇರ್ ನ್ಯೂಟ್ರಲ್ಲಿಗೆ ಹಾಕಿ ಶಾಫ್ಟ್ ಹಿಡಿದು ತಿರುಚಿದಾಗ, ಕ್ರಾಸಿನ ಎರಡು ಬದಿಯ ಯೋಕ್‌ಗಳು (ಕ್ರಾಸನ್ನು ಹಿಡಿದಿರುವ ಕವಲುಗಳು) ಒಂದಕ್ಕೊಂದು ಹಿಂದೆಮುಂದೆ ಆದರೆ ಕ್ರಾಸ್ ಮುಗಿದಿದೆ. ಕ್ರಾಸಿನ ತುದಿಯ ಬೇರಿಂಗ್ ಕಪ್ಪಿನ (ಬಟ್ಟಲಿನ) ಸುತ್ತ ಕೆಂಪು ಪುಡಿ ಕಂಡರೆ ತಿರುಚಿ ನೋಡುವ ಅಗತ್ಯವೂ ಇಲ್ಲ. ಗ್ರೀಸ್ ಒಣಗಿ, ಸೂಜಿ ರೋಲರುಗಳು ತುಕ್ಕಾಗಿ ಪುಡಿಯಾಗಿ ಹೊರಗೆ ಬಂದಿವೆ ಅಂತ ಅರ್ಥ.

ಬಿಚ್ಚುವ ಮೊದಲು ಫ್ಲೇಂಜ್ (ಬೋಲ್ಟ್ ಹಾಕುವ ತಟ್ಟೆ) ಮೇಲೂ ಯೋಕ್ ಮೇಲೂ ಪೇಂಟಿನಿಂದ ಒಂದೇ ಗೆರೆ ಎಳೆಯಿರಿ. ಸ್ಪ್ಲೈನಿಗೆ (ಶಾಫ್ಟ್ ಕುಗ್ಗಿ ಹಿಗ್ಗಲು ಜಾರುವ ಹಲ್ಲಿನ ಭಾಗ) ಅಡ್ಡವಾಗಿ ಇನ್ನೊಂದು. ಶಾಫ್ಟಿನ ಎರಡು ತುದಿಯ ಯೋಕ್‌ಗಳು ಒಂದಕ್ಕೊಂದು ಸರಿಯಾದ ಸ್ಥಾನದಲ್ಲೇ ಕೂರಬೇಕು. ಒಂಟಿ ಯೂನಿವರ್ಸಲ್ ಜಾಯಿಂಟ್ ಕೋನದಲ್ಲಿ ತಿರುಗುವಾಗ ವೇಗವನ್ನು ಸಮನಾಗಿ ದಾಟಿಸುವುದಿಲ್ಲ. 30 ಡಿಗ್ರಿ ಕೋನದಲ್ಲಿ ಒಳಬರುವ ವೇಗ ನಿಮಿಷಕ್ಕೆ 100 ಸುತ್ತು ಇದ್ದರೆ, ಹೊರಹೋಗುವ ವೇಗ ಪ್ರತಿ ಸುತ್ತಿನಲ್ಲೂ ಎರಡೆರಡು ಸಲ ಸುಮಾರು 87ಕ್ಕೆ ಇಳಿದು 115ಕ್ಕೆ ಏರುತ್ತದೆ. ಎರಡನೇ ಜಾಯಿಂಟ್ ಅದೇ ಕೋನದಲ್ಲಿ, ಸರಿಯಾದ ಸ್ಥಾನದಲ್ಲಿ ಇದ್ದರೆ ಮೊದಲನೆಯದರ ಏರಿಳಿತವನ್ನು ಅಳಿಸಿಹಾಕುತ್ತದೆ. ಸ್ಪ್ಲೈನ್ ಒಂದು ಹಲ್ಲು ತಪ್ಪಿ ಕೂತರೂ ಪೂರ್ತಿ ಅಳಿಯುವುದಿಲ್ಲ, ನಡುಕ ಉಳಿಯುತ್ತದೆ. ಲಿಫ್ಟ್ ಹಾಕಿಸಿದ ಮೇಲೆ ಹೊಸದಾಗಿ ನಡುಕ ಶುರುವಾಗುವುದಕ್ಕೂ ಎಷ್ಟೋ ಸಲ ಕಾರಣ ಇದೇ, ಎರಡು ತುದಿಯ ಕೋನಗಳು ಒಂದೇ ಅಲ್ಲ.

ಸರ್ಕ್ಲಿಪ್ (ಕಪ್ಪನ್ನು ಹಿಡಿದಿಡುವ ಬಳೆ) ತೆಗೆದು, ಹಳೇ ಕಪ್ಪುಗಳನ್ನು ಬೆಂಚ್ ವೈಸಿನಲ್ಲಿ ಎರಡು ಸಾಕೆಟ್ ಇಟ್ಟು ಒತ್ತಿ ತೆಗೆಯುತ್ತೇನೆ. ಒಂದು ಸಾಕೆಟ್ ಕಪ್ಪಿಗಿಂತ ಚಿಕ್ಕದು, ತಳ್ಳಲು. ಇನ್ನೊಂದು ದೊಡ್ಡದು, ಹೊರಬರುವ ಕಪ್ಪು ಒಳಗೆ ಬೀಳಲು. ಹೊಸದನ್ನು ಹಾಕುವಾಗ ಪ್ರತಿ ಕಪ್ಪಿನೊಳಗೆ ಸೂಜಿಗಳು ನೆಟ್ಟಗೆ ನಿಂತಿವೆಯಾ ನೋಡಿ, ಅವುಗಳನ್ನು ಹಿಡಿದಿಡುವಷ್ಟು ಗ್ರೀಸ್ ಸವರಿ. ಒತ್ತುವಾಗ ಒಂದು ಕೈಯಿಂದ ಕ್ರಾಸನ್ನು ಎತ್ತಿ ಕಪ್ಪಿನೊಳಗೇ ಹಿಡಿದಿರಬೇಕು. ಸ್ವಲ್ಪ ಓರೆಯಾದರೂ ಒಂದು ಸೂಜಿ ಜಾರಿ ತಳಕ್ಕೆ ಅಡ್ಡ ಬೀಳುತ್ತದೆ. ಆಗ ಕಪ್ಪು ಕೂದಲೆಳೆಯಷ್ಟು ಹೊರಗೆ ನಿಲ್ಲುತ್ತದೆ, ಸರ್ಕ್ಲಿಪ್ ತನ್ನ ತೋಡಿನಲ್ಲಿ ಕೂರುವುದಿಲ್ಲ. ಅಲ್ಲಿ ಸುತ್ತಿಗೆ ಎತ್ತಬಾರದು. ಕಪ್ಪು ಹೊರಗೆ ತೆಗೆದು ಸೂಜಿ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಎಲ್ಲ ಕೂತ ಮೇಲೆ ಕ್ರಾಸ್ ಬಿಗಿಯಾಗಿ ತಿರುಗಿದರೆ ಯೋಕಿನ ಕಿವಿಗಳಿಗೆ ಹಿತ್ತಾಳೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಕಪ್ಪುಗಳು ಸರ್ಕ್ಲಿಪ್ಪಿಗೆ ಒರಗಿ ಕೂರುತ್ತವೆ, ಜಾಯಿಂಟ್ ಕೈಯಲ್ಲೇ ಹಗುರಾಗಿ ಆಡತೊಡಗುತ್ತದೆ. ಆ ಬಿಗಿ ಬಿಟ್ಟ ಕ್ಷಣ ಬೆರಳಿಗೆ ಗೊತ್ತಾಗುತ್ತದೆ ನೋಡಿ, ಅದಕ್ಕೇ ಈ ಕೆಲಸ ಇಷ್ಟ.

ನಿಪ್ಪಲ್ ಇದ್ದರೆ ನಾಲ್ಕೂ ಕಪ್ಪಿನ ಅಂಚಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಗನ್ ಒತ್ತಿ. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಆ ಕಪ್ಪು ಒಣಗಿಯೇ ಇದೆ. ಶಾಫ್ಟನ್ನು ಸ್ವಲ್ಪ ಅಲುಗಿಸಿ ಮತ್ತೆ ಒತ್ತಿ. ಜಾರುವ ಸ್ಪ್ಲೈನಿಗೆ ಮಾತ್ರ ಕೈ ಬಿಗಿ ಇರಲಿ. ಅಲ್ಲಿ ಗ್ರೀಸ್ ತುಂಬಿಬಿಟ್ಟರೆ ಶಾಫ್ಟ್ ಕುಗ್ಗಲು ಜಾಗವಿಲ್ಲದೆ ಪಿನಿಯನ್ ಬೇರಿಂಗ್ ಮೇಲೆ ಒದೆಯುತ್ತದೆ.

ಕಾಡಿನ ನಡುವೆ ಹಿಂದಿನ ಕ್ರಾಸ್ ಮುರಿದರೆ ಶಾಫ್ಟ್ ಪೂರ್ತಿ ಬಿಚ್ಚಿ, ಹಬ್ ಲಾಕ್ ಮಾಡಿ, ಫೋರ್ ಹೈಗೆ (ನಾಲ್ಕೂ ಚಕ್ರದ ಮಾಮೂಲಿ ವೇಗದ ಗೇರಿಗೆ) ಹಾಕಿ ಮುಂದಿನ ಆಕ್ಸಲ್ ಮೇಲೆಯೇ ನಿಧಾನಕ್ಕೆ ಹೊರಗೆ ಬರಬಹುದು. ಟ್ರಾನ್ಸ್‌ಫರ್ ಕೇಸ್ ಕಡೆ ಶಾಫ್ಟ್ ಫ್ಲೇಂಜಿಗೆ ಬೋಲ್ಟ್ ಆಗಿದ್ದರೆ ಇದು ಸಲೀಸು. ಯೋಕ್ ಒಳಗೆ ಜಾರಿ ಕೂರುವ ಬಗೆಯದಾದರೆ ಶಾಫ್ಟ್ ಎಳೆದ ಕೂಡಲೇ ಆಯಿಲ್ ಸುರಿಯುತ್ತದೆ, ಆ ತೂತು ಮುಚ್ಚಲು ಏನಾದರೂ ಜೊತೆಗಿರಬೇಕು.

ಗಟ್ಟಿ ನೆಲದಲ್ಲಿ ಪಾರ್ಟ್‌ಟೈಮ್ ಫೋರ್ ವೀಲ್ ಹಾಕಿಕೊಂಡು ಓಡಾಡುವವರ ಕ್ರಾಸುಗಳು ಬೇಗ ಸಾಯುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತ ಸುತ್ತುತ್ತವೆ. ಟ್ರಾನ್ಸ್‌ಫರ್ ಕೇಸ್ ಎರಡೂ ಶಾಫ್ಟುಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕಿರುತ್ತದೆ. ಮಣ್ಣಿನಲ್ಲಾದರೆ ಟೈರ್ ಜಾರಿ ಲೆಕ್ಕ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರಲ್ಲ, ತಿರುಚು ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಲಿವರ್ ಎಳೆದರೂ ಬರುವುದಿಲ್ಲ. ಆಗ ಲಿವರಿನ ಜೊತೆ ಕುಸ್ತಿ ಬೇಡ. ನಾಲ್ಕಡಿ ರಿವರ್ಸ್ ತೆಗೆದುಕೊಂಡರೆ ತಾನಾಗೇ ಬಿಡುತ್ತದೆ. ಹಿಂದೊಂದು ಮುಂದೊಂದು ಅಳತೆಯ, ಅಥವಾ ಜಾಸ್ತಿ ಕಮ್ಮಿ ಸವೆದ ಟೈರ್ ಹಾಕಿದರೂ ಇದೇ ಗೋಳು, ಅದೂ ನೆಟ್ಟಗೆ ಹೋಗುವಾಗಲೇ.

ಕ್ರೌನ್-ಪಿನಿಯನ್ ಮಾತ್ರ ಅಂದಾಜಿನ ಕೆಲಸವಲ್ಲ. ಹಲ್ಲುಗಳ ನಡುವಿನ ಪ್ಲೇ ಬಹಳಷ್ಟು ಆಕ್ಸಲ್‌ಗಳಲ್ಲಿ 0.15ರಿಂದ 0.25 ಮಿಲಿಮೀಟರ್ ಆಸುಪಾಸು ಇರುತ್ತದೆ. ಡಯಲ್ ಗೇಜ್ ಇಲ್ಲದೆ ಅದನ್ನು ಅಳೆಯುತ್ತೇನೆ ಅನ್ನುವವರ ಕೈಗೆ ನಾನು ಆಕ್ಸಲ್ ಕೊಡುವುದಿಲ್ಲ. ಪ್ಲೇ ಸರಿಬಂದರೂ ಸಾಲದು. ಹಲ್ಲಿಗೆ ಹಳದಿ ಮಾರ್ಕಿಂಗ್ ಪೇಸ್ಟ್ ಹಚ್ಚಿ, ಕ್ರೌನ್ ವೀಲನ್ನು ಸ್ವಲ್ಪ ತಡೆ ಕೊಟ್ಟು ತಿರುಗಿಸಿ, ಗುರುತು ಹಲ್ಲಿನ ನಡುಮಧ್ಯ ಬಂದಿದೆಯಾ ನೋಡಬೇಕು. ತುದಿಗೆ ಬಂದರೆ, ಬುಡಕ್ಕೆ ಬಂದರೆ ಪಿನಿಯನ್ನಿನ ಶಿಮ್ (ಅಳತೆಯ ತೆಳು ಬಿಲ್ಲೆ) ಬದಲಾಯಿಸಿ ಮತ್ತೆ ಮೊದಲಿಂದ. ಬೇಜಾರಿನ ಕೆಲಸ.

ಪಿನಿಯನ್ ಸೀಲ್ ಬದಲಾಯಿಸುವುದು ಇದಕ್ಕಿಂತ ಚಿಕ್ಕ ಕೆಲಸವಾಗಿ ಕಾಣುತ್ತದೆ. ಆದರೆ ನಟ್ಟಿನ ಹಿಂದೆ ಕ್ರಶ್ ಸ್ಲೀವ್ (ಬಿಗಿದಾಗ ಕುಗ್ಗುವ ಸಣ್ಣ ಕೊಳವೆ) ಇದ್ದರೆ ಅದು ಒಮ್ಮೆ ಕುಗ್ಗಿದ ಮೇಲೆ ಹಿಗ್ಗುವುದಿಲ್ಲ. ಬಿಚ್ಚುವ ಮೊದಲೇ ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕು ಅಂತ ಅಳೆದು ಬರೆದಿಡಿ, ನಟ್ಟಿನ ಜಾಗ ಗುರುತು ಮಾಡಿ. ಇಂಪ್ಯಾಕ್ಟ್ ಗನ್ ಹಿಡಿದು ಬಿಗಿದರೆ ಬೇರಿಂಗ್ ಮೇಲೆ ಅತಿಯಾದ ಬಿಗಿ ಕೂತು, ಕಾದು ಕೆಡುತ್ತದೆ.

ಕೆಲಸ ಮುಗಿದ ಮೇಲೆ ಟ್ರಕ್ಕನ್ನು ಸ್ವಲ್ಪ ದೂರ ಓಡಿಸಿ ಬಂದು ಎರಡೂ ಡಿಫರೆನ್ಶಿಯಲ್, ನಾಲ್ಕೂ ಹಬ್ ಮುಟ್ಟಿ ನೋಡುತ್ತೇನೆ. ಎಲ್ಲ ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಆ ಚಕ್ರದ ಬ್ರೇಕೋ ಬೇರಿಂಗೋ ಬಿಗಿಯಾಗಿದೆ. ಬಿಸಿ ಆರಿದ ಮೇಲೆ ಶಾಫ್ಟಿನ ಫ್ಲೇಂಜ್ ಬೋಲ್ಟುಗಳಿಗೆ ಟಾರ್ಕ್ ರೆಂಚ್ ಹಾಕಿ, ಪ್ರತಿ ಬೋಲ್ಟ್ ಮೇಲೂ ಪೇಂಟಿನ ಗೆರೆ ಎಳೆಯುತ್ತೇನೆ. ಮುಂದಿನ ಸಲ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟರೆ ಸಾಕು, ಯಾವ ಗೆರೆ ಮುರಿದಿದೆ ಅಂತ ಕಾಣುತ್ತದೆ.