ಮನೆ ಮೇಲೆ ಗಾಳಿ ಫ್ಯಾನ್ ಹಾಕಿದರೆ ಬಿಲ್ ತಪ್ಪುತ್ತಾ?

ಚಿಕ್ಕಮಗಳೂರು ಕಡೆಯ ನಮ್ಮ ಮನೆಯ ಹಿಂದೆ ಒಂದು ಬೋಳುಗುಡ್ಡ ಇದೆ. ಅದರ ಮೇಲೆ ಎಂಟು ಅಡಿ ಅಗಲಕ್ಕೆ ತಿರುಗಿ ಕರೆಂಟ್ ಮಾಡುವ ಗಾಳಿ ಫ್ಯಾನ್ ನಿಂತಿದೆ, ನಾನೇ ಮಾಡಿದ್ದು. ಮನೆಗೆ ಬಂದವರು ಕಾಫಿ ಲೋಟ ಹಿಡಿದು ಜಗಲಿಯಲ್ಲಿ ನಿಂತು ಅದನ್ನೇ ನೋಡುತ್ತಾರೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: "ಮಾರಾಯ್ರೇ, ಇಂಥದ್ದೊಂದು ನಮ್ಮನೆ ಮೇಲೆ ಹಾಕಿದ್ರೆ ಕರೆಂಟ್ ಬಿಲ್ ಕಟ್ಟೋದು ತಪ್ಪುತ್ತಾ?"

ಬಿಲ್ ತಪ್ಪಿಸೋಕೆ ಅಂತಾದರೆ ಬೇಡ. ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆ ನೋಡಿ, ಹೆಚ್ಚೆಂದರೆ 200 ಯೂನಿಟ್‌ವರೆಗೆ ಹೇಗೂ ಉಚಿತ ಇದೆ. ಅದಕ್ಕಿಂತ ಜಾಸ್ತಿ ಉರಿಸುವ ಮನೆಯಾದರೆ ಸೋಲಾರ್ ಹಾಕಿಸಿ. 2024ರಲ್ಲಿ ಶುರುವಾದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ.

ನಾನು ಫ್ಯಾನ್ ಮಾಡಿದ್ದು ಆಷಾಢಕ್ಕೋಸ್ಕರ. ನಮ್ಮ ಕಡೆಯ ಆಷಾಢ ಗೊತ್ತಲ್ಲ, ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದರೆ ಮೂರು ದಿನ ಕತ್ತಲೆ. ಸೋಲಾರ್ ಪ್ಯಾನೆಲ್ ಮೋಡದ ಕೆಳಗೆ ಸುಮ್ನೆ ಕೂತಿರುತ್ತದೆ. ಅದೇ ಹೊತ್ತಲ್ಲಿ ಗುಡ್ಡ ಹತ್ತಿದರೆ ಕೊಡೆ ನಿಲ್ಲಲ್ಲ, ಅಷ್ಟು ಗಾಳಿ. ಬಿಸಿಲು ಇಲ್ಲದ ತಿಂಗಳಲ್ಲೇ ಗಾಳಿ ಜೋರಾಗಿರೋದು ನಮ್ಮ ಪುಣ್ಯ ಅಂತಲೇ ನನಗೆ ಅನ್ನಿಸುತ್ತದೆ.

ಇನ್ನು "ಮನೆ ಮೇಲೆ" ಅನ್ನೋ ಮಾತು. ಅದಂತೂ ಬೇಡವೇ ಬೇಡ. ಸೂರಿಗೆ ಬಡಿದ ಗಾಳಿ ಸುತ್ತಿ ಸುಳಿದು ಮೇಲೇಳುತ್ತದೆ, ಅಂಥ ಗಾಳಿಯಲ್ಲಿ ಫ್ಯಾನ್ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ತಿರುಗುತ್ತಾ ಬೇರಿಂಗ್ ಸವೆಸಿಕೊಳ್ಳುತ್ತದೆಯೇ ಹೊರತು ಕರೆಂಟ್ ಕೊಡಲ್ಲ. ನಡುಕ ಗೋಡೆಗೆ ಇಳಿಯುತ್ತದೆ, ರಾತ್ರಿಯೆಲ್ಲ ಗುಂಯ್ ಅನ್ನೋ ಸದ್ದು ಬೇರೆ. ಸುತ್ತ 500 ಅಡಿಯೊಳಗೆ ಏನೇನಿದೆಯೋ ಅದರಲ್ಲಿ ಎತ್ತರದ್ದಕ್ಕಿಂತ 30 ಅಡಿ ಮೇಲೆ ಫ್ಯಾನ್ ಇರಬೇಕು ಅನ್ನೋದು ಈ ಕೆಲಸ ಮಾಡುವವರ ಲೆಕ್ಕ. ಕಾಫಿ ತೋಟದ ನಡುವೆ ಮನೆ ಇದ್ದರೆ ಯೋಚನೆ ಮಾಡಿ: ಸಿಲ್ವರ್ ಓಕ್ 70 ಅಡಿ ಇದ್ದರೆ ಕಂಬ 100 ಅಡಿ ಆಗಬೇಕು. ಮನೆ ಖರ್ಚಿಗೆ ಅದು ಆಗುವ ಮಾತಲ್ಲ. ಕಡೂರು, ಅರಸೀಕೆರೆ ಕಡೆಯ ಬಯಲಿನವರಿಗೆ ಇದರಲ್ಲಿ ನಮಗಿಂತ ಅನುಕೂಲ ಜಾಸ್ತಿ.

ಎತ್ತರಕ್ಕೆ ಇಷ್ಟು ಒತ್ತು ಯಾಕೆ ಅಂದರೆ, ಗಾಳಿಯ ವೇಗ ದುಪ್ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ಎಂಥ ಫ್ಯಾನ್ ಆದರೂ ಗಾಳಿಯಲ್ಲಿರುವ ಶಕ್ತಿಯಲ್ಲಿ ನೂರಕ್ಕೆ 59ರಷ್ಟನ್ನು ಮಾತ್ರ ಹಿಡಿಯಬಲ್ಲದು, ಇದನ್ನು ಬೆಟ್ಜ್ ಮಿತಿ ಅನ್ನುತ್ತಾರೆ. ಕೈಯಲ್ಲಿ ಮಾಡಿದ್ದಕ್ಕೆ 30 ಸಿಕ್ಕರೆ ಚೆನ್ನಾಗಿದೆ ಅಂತಲೇ ಅರ್ಥ. ಆ ಲೆಕ್ಕದಲ್ಲಿ ಎಂಟು ಅಡಿಯ ಫ್ಯಾನ್ ಸೆಕೆಂಡಿಗೆ 3 ಮೀಟರ್ ಗಾಳಿಗೆ ಸುಮಾರು 20 ವ್ಯಾಟ್ ಕೊಡುತ್ತದೆ, 5 ಮೀಟರ್‌ಗೆ 90, 10 ಮೀಟರ್‌ಗೆ 750. ಇಡೀ ದಿನ 5 ಮೀಟರ್ ಬೀಸಿದರೆ ಎರಡು ಯೂನಿಟ್ ಚಿಲ್ಲರೆ. ಬಲ್ಬು, ಮೊಬೈಲು, ಟಿವಿಗೆ ಧಾರಾಳ. ಗೀಸರ್‌ಗೆ ಒಂದು ಗಂಟೆಗೇ ಖಾಲಿ.

ಹಾಗಾಗಿ ಮೊದಲು ಅಳೆಯಿರಿ. ಒಂದು ಜಿಐ ಪೈಪ್ ನಿಲ್ಲಿಸಿ, ತುದಿಗೆ ಬಟ್ಟಲು ತಿರುಗುವ ಗಾಳಿಮಾಪಕ ಕಟ್ಟಿ, ಒಂದು ವರ್ಷ ಬರೆದಿಡಿ. ನಾನು ಬರೆದ ಪುಸ್ತಕದಲ್ಲಿ ಫೆಬ್ರವರಿ, ಮಾರ್ಚ್ ಪುಟಗಳೆಲ್ಲ ಸಪ್ಪೆ. ಜೂನ್ ಮಧ್ಯದಿಂದ ಅಂಕಿ ಏರುತ್ತಾ ಹೋಗಿದೆ. ಆ ಪುಸ್ತಕ ನೋಡಿದ ಮೇಲೇ ನನಗೆ ಧೈರ್ಯ ಬಂದದ್ದು.

ಮಾಡಿದ್ದು ಸ್ಕಾಟ್ಲೆಂಡಿನ ಹ್ಯೂ ಪಿಗಟ್ ಅವರ ವಿಧಾನದಲ್ಲಿ. ಅವರು ಸ್ಕೊರೈಗ್ ಎಂಬ ಮೂಲೆಯ ಊರಿನಲ್ಲಿ ಇದ್ದುಕೊಂಡು, ಮನೆಯಲ್ಲೇ ಫ್ಯಾನ್ ಮಾಡಿಕೊಳ್ಳೋದನ್ನು ಲೋಕಕ್ಕೆಲ್ಲ ಕಲಿಸಿದವರು. ಕರೆಂಟ್ ಹುಟ್ಟುವ ಭಾಗದಲ್ಲಿ ರೆಕ್ಕೆಯ ಜೊತೆ ತಿರುಗುವ ಎರಡು ಕಬ್ಬಿಣದ ತಟ್ಟೆ, ಒಂದೊಂದರ ಮೇಲೂ 12 ನಿಯೋಡಿಮಿಯಂ ಮ್ಯಾಗ್ನೆಟ್, ಅಂದರೆ ಭಾರೀ ಸೆಳೆತದ ಮ್ಯಾಗ್ನೆಟ್. ನಡುವೆ ರೆಸಿನ್‌ನಲ್ಲಿ ಎರಕ ಹೊಯ್ದ 9 ತಾಮ್ರದ ಕಾಯಿಲ್. ಈ ಮ್ಯಾಗ್ನೆಟ್ ವಿಷಯದಲ್ಲಿ ದಯವಿಟ್ಟು ಹುಷಾರಾಗಿರಿ. ಮರದ ಅಚ್ಚು ಇಟ್ಟು ಒಂದೊಂದನ್ನೇ ಜಾರಿಸಿ ಕೂರಿಸಬೇಕು. ನಾಲ್ಕನೆಯದು ನನ್ನ ಕೈಯಿಂದ ತಪ್ಪಿ ಟಪ್ ಅಂತ ತಟ್ಟೆಗೆ ಹಾರಿತು, ಹೆಬ್ಬೆರಳಿನ ಉಗುರು ಕಪ್ಪಾಗಿ ತಿಂಗಳು ಬಿಟ್ಟು ಉದುರಿತು.

ರೆಕ್ಕೆ ನಮ್ಮ ತೋಟದ ಸಿಲ್ವರ್ ಓಕ್‌ನದ್ದು. ಗಂಟಿಲ್ಲದ ಒಣಗಿದ ಹಲಗೆ ಆರಿಸಿ, ಊರಿನ ಆಚಾರಿ ಉಜ್ಜುಗೊರಡು ಹಿಡಿದು ವಾರಗಟ್ಟಲೆ ಕೆತ್ತಿದರು. ಮೂರೂ ರೆಕ್ಕೆಯ ತೂಕ ಸಮ ಆಗೋವರೆಗೂ ಬಿಡಲಿಲ್ಲ. ಆದರೂ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಗಾಳಿಯನ್ನು ಸೀಳುವ ಅಂಚನ್ನು ಮಳೆಹನಿ ತಿಂದುಹಾಕಿತ್ತು, ಬೆರಳಾಡಿಸಿದರೆ ಇಲಿ ಕಡಿದ ಹಾಗೆ ತರಿತರಿ. ಈಗ ಪ್ರತಿ ಮೇ ತಿಂಗಳಲ್ಲಿ ಕಂಬ ಮಲಗಿಸಿ ಎಣ್ಣೆ ಹಚ್ಚಿ ಅಂಚಿಗೆ ದಪ್ಪ ಟೇಪ್ ಸುತ್ತುತ್ತೇವೆ. ಕಂಬಕ್ಕೆ ಅರ್ಥಿಂಗ್ ಸರಿ ಇದೆಯಾ ಅಂತ ಗುಡುಗು ಮಳೆ ಶುರುವಾಗುವ ಮೊದಲೇ ನೋಡಿಬಿಡುತ್ತೇನೆ. ಫ್ಯಾನಿನ ಕರೆಂಟ್ ಹೋಗಿ ತುಂಬೋದು ಬ್ಯಾಟರಿಗೆ, ಫ್ಯಾನ್ ತಿರುಗುವಾಗ ಆ ಬ್ಯಾಟರಿ ವೈರ್ ಮಾತ್ರ ಯಾವತ್ತೂ ಬಿಚ್ಚಬೇಡಿ. ಕರೆಂಟ್ ಎಳೆಯುವ ಭಾರ ತಪ್ಪಿದ ಫ್ಯಾನ್ ಹುಚ್ಚೆದ್ದು ಓಡುತ್ತದೆ. ನಿಲ್ಲಿಸೋಕೆ ಕಾಯಿಲ್‌ನಿಂದ ಬರುವ ಮೂರೂ ಫೇಸ್ ವೈರನ್ನು ಒಂದಕ್ಕೊಂದು ಸೇರಿಸುವ ಸ್ವಿಚ್ ಇಟ್ಟುಕೊಳ್ಳಿ, ಅದೇ ಬ್ರೇಕು.

ತೋಟದೊಳಗಿನ ಮನೆಯವರು ಬೇಜಾರು ಮಾಡಿಕೊಳ್ಳಬೇಡಿ. ಮನೆ ಹತ್ತಿರ ಇಳಿಜಾರಿನಲ್ಲಿ ಹಳ್ಳ ಹರಿಯುತ್ತಿದೆಯಾ? ಮೇಲಿಂದ ಪೈಪ್ ಎಳೆದು, ಕೆಳಗಿನ ಬಾಯಿಗೆ 20 ಲೀಟರ್ ಬಕೆಟ್ ಹಿಡಿಯಿರಿ. ನಾಲ್ಕು ಸೆಕೆಂಡಿಗೆ ತುಂಬಿ, ನೀರು 10 ಮೀಟರ್ ಕೆಳಗೆ ಇಳಿಯುತ್ತಿದ್ದರೆ, ಅದರಿಂದ ಒಂದು ಚಿಕ್ಕ ಟರ್ಬೈನ್ ತಿರುಗಿಸಿ, ಅರ್ಧ ಶಕ್ತಿ ಸೋರಿದರೂ 240 ವ್ಯಾಟ್ ಸಿಗುತ್ತದೆ, ಹಗಲೂ ರಾತ್ರಿ. 5 ಮೀಟರ್ ಗಾಳಿಗೆ ನನ್ನ ಫ್ಯಾನ್ ಕೊಡೋದಕ್ಕಿಂತ ಜಾಸ್ತಿ ಅದು. ಮಲೆನಾಡಿನ ಎಷ್ಟೋ ಮನೆಗಳು ಹಳ್ಳದ ನೀರಿನಲ್ಲೇ ದೀಪ ಉರಿಸುತ್ತಿವೆ. ಆಷಾಢದಲ್ಲಿ ಹಳ್ಳವೂ ತುಂಬಿಯೇ ಇರುತ್ತದೆ, ಅಲ್ವಾ?